ಕಟ್ಟಿಗೆ ಕುದುರೆಗೆ ಬೇಕಾದದ್ದು ಕಿನ್ನಾಳದ ಕಿಟ್ಟ

ಮೈಲಾಪುರದ ಮಲ್ಲಯ್ಯ ಕುದುರೆ ಏರಿ ಬರುವ ದೇವರು. ಕೈಯಲ್ಲಿ ಖಡ್ಗ, ಜೊತೆಗೆ ನಾಯಿ, ಕೆಳಗೆ ಕಾಲೆತ್ತಿದ ಕುದುರೆ. ಮೈಲಾರಲಿಂಗನೆಂದೂ ಕರೆಯುವ ಈ ದೇವರ ಒಕ್ಕಲಿನವರ ಜಗಲಿಯ ಮೇಲೆ ಕಾಣುವ ರೂಪ ಇದೇ. ಮಕರ ಸಂಕ್ರಾಂತಿ ಬಂತೆಂದರೆ ಯಾದಗಿರಿ ತಾಲ್ಲೂಕಿನ ಈ ಊರಿಗೆ ಕರ್ನಾಟಕದವರಷ್ಟೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದ ಭಕ್ತರೂ ಬಂದು ಭಂಡಾರ ತೂರುತ್ತಾರೆ, ಕಬ್ಬಿಣದ ಸರಪಳಿ ಹರಿಯುವುದನ್ನು ಕಣ್ತುಂಬ ನೋಡಿ ಹೋಗುತ್ತಾರೆ. ಕುದುರೆಗೆ ಈ ಸೀಮೆಯಲ್ಲಿ ದೈವದ ಜೊತೆಗಿನ ಗೌರವವಿದೆ. ಜೀವಂತ ಕುದುರೆ ಮಾತ್ರ ಯಾದಗಿರಿ, ಶಹಾಪುರ, ಸುರಪುರದ ಬೀದಿಗಳಲ್ಲಿ ಈಗ ಅಪರೂಪ. ಉಳಿದಿರುವುದು ಮರದ ಕುದುರೆ.

ಗುಡಿಯ ವಾಹನದ ಕೋಣೆಯಲ್ಲಿ ನಿಂತ ಉತ್ಸವದ ಕುದುರೆ, ಹಳೆಯ ವಾಡೆಯ ಅಟ್ಟದಲ್ಲಿ ಕಾಲು ಮುರಿದು ಮಲಗಿದ ಮಕ್ಕಳ ತೂಗುಕುದುರೆ, ಯಾವುದೋ ಜಾತ್ರೆಯಲ್ಲಿ ಕೊಂಡು ತಂದ ಗಾಲಿ ಕುದುರೆ. ಮೂರರ ಕೆಲಸ ಬೇರೆ, ವಯಸ್ಸು ಬೇರೆ. ಕಾಯಿಲೆ ಮಾತ್ರ ಒಂದೇ. ಬಿಸಿಲಿಗೆ ಕೂಡುಗಳು ಬಿಟ್ಟುಕೊಂಡಿರುತ್ತವೆ, ಒರಲೆ ಹತ್ತಿರುತ್ತದೆ, ಬಣ್ಣ ಚಕ್ಕೆ ಎದ್ದಿರುತ್ತದೆ. ಮದ್ದು ಎಂದು ಮಾಡುವುದೂ ಎಲ್ಲ ಕಡೆ ಒಂದೇ. ಪಾಲಿಶ್ ಪೇಪರ್‌ನಿಂದ ಗಸಗಸ ಉಜ್ಜಿ, ಬಿರುಕಿಗೆ ಎಂ-ಸೀಲ್ ಮೆತ್ತಿ, ಮೇಲೆ ಎರಡು ಕೋಟ್ ಆಯಿಲ್ ಪೇಂಟ್ ಹೊಡೆದುಬಿಡುತ್ತಾರೆ. ಕುದುರೆ ಅವತ್ತು ಫಳಫಳ ಹೊಳೆಯುತ್ತದೆ. ಆದರೆ ನೂರು ವರ್ಷದ ಹಿಂದಿನ ಕೈಚಳಕ ಒಂದು ಮಧ್ಯಾಹ್ನದಲ್ಲಿ ಅಳಿಸಿಹೋಗಿರುತ್ತದೆ.

ಹಾಗಾಗಬೇಕಿಲ್ಲ. ಹಳೆಯ ಮರದ ಕುದುರೆಯನ್ನು ಉಳಿಸುವ ಸಾಮಗ್ರಿಯೂ ಅದನ್ನು ಬಳಸುವ ವಿದ್ಯೆಯೂ ಕಲ್ಯಾಣ ಕರ್ನಾಟಕದಲ್ಲೇ ಇವೆ. ಕೊಪ್ಪಳದ ಬಳಿಯ ಕಿನ್ನಾಳ ಆ ವಿದ್ಯೆಯ ಊರು. ಸುರಪುರದಿಂದ ಲಿಂಗಸುಗೂರು, ಕುಷ್ಟಗಿ ಹಾದು ಹೋದರೆ ಅರ್ಧ ದಿನದ ದಾರಿ.

ಕುದುರೆ ಕಂಡ ನೆಲ

ಕೃಷ್ಣಾ, ಭೀಮಾ ನದಿಗಳ ನಡುವಿನ ಸುರಪುರ, ಶಹಾಪುರದ ನೆಲ ಶತಮಾನಗಳ ಕಾಲ ದಂಡು ಹಾದುಹೋದ ದಾರಿ. ವಿಜಯನಗರದ ಅರಸರಿಗೂ ವಿಜಯಪುರದ ಆದಿಲ್‌ಶಾಹಿ ಸುಲ್ತಾನರಿಗೂ ಅರಬ್ಬಿ ಕುದುರೆಗಳು ಪಶ್ಚಿಮ ಕರಾವಳಿಯ ಬಂದರುಗಳಿಂದ ಬರುತ್ತಿದ್ದವು. ಆದಿಲ್‌ಶಾಹಿ ಮನೆತನದ ಮೊದಲ ಸುಲ್ತಾನರ ಗೋರಿಗಳಿರುವುದು ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಚಂದಾ ಹುಸೇನಿ ದರ್ಗಾದ ಆವರಣದಲ್ಲಿ. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಸುರಪುರದ ಪಕ್ಕದ ವಾಗಣಗೇರಾ ಕೋಟೆಯ ಮೇಲೆ. ಎದುರು ನಿಂತವರು ಬೇಡ ನಾಯಕರು. ಮುದಿ ಬಾದಶಹನ ಸೈನ್ಯವನ್ನು ವಾರಗಟ್ಟಲೆ ಕಾಡಿದ ಆ ಮನೆತನ ಮುಂದೆ ಸುರಪುರವನ್ನು ರಾಜಧಾನಿಯಾಗಿ ಬೆಳೆಸಿತು.

ಅರಮನೆ ಬೆಳೆದಂತೆ ಕುಶಲಕರ್ಮಿಗಳೂ ಬಂದರು. ನಾಯಕರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಕಟ್ಟಿದ ಸುರಪುರ ಶೈಲಿ ಕರ್ನಾಟಕದ ಚಿತ್ರಕಲೆಯಲ್ಲಿ ಮೈಸೂರು ಶೈಲಿಯ ಜೊತೆ ಹೆಸರು ಹೇಳಬೇಕಾದ ಪರಂಪರೆ. ಸೂಕ್ಷ್ಮ ರೇಖೆ ಮತ್ತು ಚಿನ್ನದ ಹೊಳಪು ಅದರ ಗುರುತು. ಕಲಬುರಗಿಯ ಕಲಾವಿದ ವಿಜಯ ಹಾಗರಗುಂಡಗಿ ಈ ಶೈಲಿಯನ್ನು ಅಭ್ಯಾಸ ಮಾಡಿ ಮತ್ತೆ ಬೆಳಕಿಗೆ ತಂದವರಲ್ಲಿ ಒಬ್ಬರು. ಮರಗೆಲಸದವರಿಗಂತೂ ಈ ಸೀಮೆ ಪುಣ್ಯಭೂಮಿಯೇ ಸರಿ. ವಿಶ್ವಕರ್ಮ ಸಮಾಜ ಆರಾಧಿಸುವ ಮೌನೇಶ್ವರರ ನೆಲೆ ಸುರಪುರ ತಾಲ್ಲೂಕಿನ ತಿಂಥಣಿ, ಕೃಷ್ಣೆಯ ದಂಡೆಯ ಮೇಲೆ. ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಸೇರುತ್ತಾರೆ. ಉಳಿ, ಬಾಚಿ ಹಿಡಿಯುವ ಬಡಿಗೇರ ಕುಟುಂಬಗಳಿಗೆ ಮೌನೇಶ್ವರರೇ ಮನೆದೇವರು.

ಇಂಗ್ಲಿಷ್ ಮಾದರಿಯ ತೂಗುಕುದುರೆಯ ಕಾಲ ಬಂದದ್ದು 19ನೇ ಶತಮಾನದಲ್ಲಿ. ಕರ್ನಲ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು, ಎಳೆಯ ವಯಸ್ಸಿನ ರಾಜಾ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇಂದಿಗೂ ಗುಡ್ಡದ ಮೇಲಿದೆ. 1871ರಲ್ಲಿ ಮುಂಬೈ–ಮದ್ರಾಸ್ ರೈಲು ಮಾರ್ಗ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿಗೂ ರೈಲು ಬಂತು. ದೂರದ ಬಂದರಿನ ಸಾಮಾನು ಈ ಬಯಲುಸೀಮೆಯ ದೊಡ್ಡ ಮನೆಗಳಿಗೆ ತಲುಪಲು ದಾರಿ ತೆರೆಯಿತು.

ತೂಗುಕುದುರೆಯ ಒಡಲಿನಲ್ಲಿ

ಮಕ್ಕಳನ್ನು ಕೂರಿಸಿ ಹಿಂದೆ ಮುಂದೆ ತೂಗುವ ಕುದುರೆ ಯುರೋಪಿನಲ್ಲಿ 17ನೇ ಶತಮಾನದ ಆರಂಭದಲ್ಲೇ ಇತ್ತು. ಇಂಗ್ಲೆಂಡಿನ ದೊರೆ ಮೊದಲನೇ ಚಾರ್ಲ್ಸ್ ಬಾಲ್ಯದಲ್ಲಿ ಆಡಿದ್ದೆಂದು ಹೇಳುವ ಒಂದು ಕುದುರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಬೂದು ಮೈಮೇಲೆ ಕಪ್ಪು ಚುಕ್ಕೆ, ಅರಳಿದ ಮೂಗಿನ ಹೊಳ್ಳೆ, ಹಾರುವ ಜೂಲು. ನಮ್ಮ ಕಣ್ಣಿಗೆ ಪರಿಚಿತವಾದ ಈ ರೂಪ ಪಕ್ಕಾ ಆದದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಲಂಡನ್ನಿನ ಎಫ್. ಎಚ್. ಏರ್ಸ್, ಜಿ ಅಂಡ್ ಜೆ ಲೈನ್ಸ್ ಕಂಪನಿಗಳ ಕುದುರೆಗಳು ಆಗ ಹೆಸರುವಾಸಿ.

ಮೊದಲಿನವುಗಳ ಕಾಲು ಬಿಲ್ಲಿನಂತೆ ಬಾಗಿದ ಎರಡು ಹಲಗೆಗಳ ಮೇಲೆ ನಿಂತಿರುತ್ತಿತ್ತು. ಜೋರಾಗಿ ತೂಗಿದರೆ ಮಗು ಮುಂದಕ್ಕೆ ಮುಗ್ಗರಿಸುವ ಭಯ, ಕೆಳಗೆ ಇನ್ನೊಂದು ಮಗುವಿನ ಬೆರಳು ಸಿಕ್ಕುವ ಭಯ. 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಾರ್ಕ್ವಾ ಎಂಬಾತ ಸ್ಥಿರವಾದ ಸ್ಟ್ಯಾಂಡಿನ ಮೇಲೆ ಕಬ್ಬಿಣದ ಕೊಂಡಿಗಳಿಂದ ಕುದುರೆಯನ್ನು ತೂಗುಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ. ಬಿಲ್ಲುಹಲಗೆಯೋ ಸ್ಟ್ಯಾಂಡೋ ಎಂದು ನೋಡಿದರೆ ಕುದುರೆಯ ಕಾಲ ತಿಳಿಯಲು ಮೊದಲ ಸುಳಿವು ಸಿಗುತ್ತದೆ.

ಇಂಥ ಕುದುರೆಯ ಹೊಟ್ಟೆ ಟೊಳ್ಳು. ದಪ್ಪ ಹಲಗೆಗಳನ್ನು ಪೆಟ್ಟಿಗೆಯ ಹಾಗೆ ಜೋಡಿಸಿ, ಕತ್ತು ಮತ್ತು ತಲೆಯನ್ನು ಬೇರೆ ದಿಮ್ಮಿಯಿಂದ ಕಡೆದು ಕೂರಿಸುತ್ತಾರೆ. ಗಟ್ಟಿ ಮರದ ನಾಲ್ಕು ಕಾಲುಗಳನ್ನು ಕೆಳಹಲಗೆಗೆ ಓರೆಯಾಗಿ ಸೇರಿಸಿ, ತೊಡೆ ಮತ್ತು ಹೆಗಲಿನ ಉಬ್ಬಿಗೆ ಬೇರೆ ತುಂಡು ಅಂಟಿಸಿ, ಆಮೇಲೆ ಇಡೀ ದೇಹವನ್ನು ಉಳಿಯಿಂದ ಕೆತ್ತುತ್ತಾರೆ. ಇದರ ಮೇಲೆ ಬರುವ ಪದರವೇ ಅಸಲು ಗುಟ್ಟು. ಸೀಮೆಸುಣ್ಣದ ನಯವಾದ ಪುಡಿಯನ್ನು ಬಿಸಿಯಾದ ಚರ್ಮದ ಅಂಟಿನಲ್ಲಿ ಕಲಸಿ, ಒಂದರ ಮೇಲೊಂದು ಪದರವಾಗಿ ಬಳಿದು ಒಣಗಿಸಿ ನುಣುಪು ಮಾಡುತ್ತಾರೆ. ಹಲಗೆಗಳ ಕೂಡು, ಉಳಿಯ ಗೆರೆ, ಮರದ ನಾರು ಎಲ್ಲ ಆ ಬಿಳಿ ಪದರದಡಿ ಮುಚ್ಚಿಹೋಗುತ್ತವೆ. ಬಣ್ಣ ಕೂರುವುದು ಮರದ ಮೇಲಲ್ಲ, ಈ ಬಿಳಿ ಪದರದ ಮೇಲೆ. ಕೊನೆಗೆ ಚರ್ಮದ ಜೀನು, ಲಗಾಮು, ನಿಜವಾದ ಕುದುರೆ ಕೂದಲಿನ ಜೂಲು ಮತ್ತು ಬಾಲ.

ಕಿನ್ನಾಳದವರು ಬಲ್ಲ ಲೆಕ್ಕ

ಈ ಕ್ರಮವನ್ನು ಕಿನ್ನಾಳದ ಚಿತ್ರಗಾರರ ಮನೆಯಲ್ಲಿ ಹೇಳಿದರೆ ಯಾರಿಗೂ ಹೊಸದೆನಿಸುವುದಿಲ್ಲ. ಅವರ ಗೊಂಬೆಯೂ ಹುಟ್ಟುವುದು ಹೀಗೆಯೇ. ಪೊಳಕಿ ಎನ್ನುವ ಹಗುರ ಮರದಲ್ಲಿ ಭಾಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಮೇಲೆ ಕಿಟ್ಟ ಹಚ್ಚುತ್ತಾರೆ. ಸೆಣಬಿನ ಹಳೆಯ ಚೀಲವನ್ನು ನೆನೆಸಿ, ಎಳೆ ಎಳೆಯಾಗಿ ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಸರಿಯೊಂದಿಗೆ ನಾದಿದ ಕಂದು ಬಣ್ಣದ ಮುದ್ದೆ ಅದು. ಬೆರಳಿನಿಂದಲೇ ಒತ್ತಿ, ಮೂಗು, ಹುಬ್ಬು, ಮೊಣಕಾಲುಗಳ ಆಕಾರವನ್ನು ತಿದ್ದಿ ತೀಡುತ್ತಾರೆ. ಕಿಟ್ಟದ ಮೇಲೆ ಹತ್ತಿಬಟ್ಟೆಯ ಸಣ್ಣ ತುಂಡುಗಳು, ಅದರ ಮೇಲೆ ಬೆಣಚುಕಲ್ಲಿನ ನಯವಾದ ಪುಡಿಯನ್ನು ಅಂಟಿನಲ್ಲಿ ಕಲಸಿದ ಬಿಳಿ ಲೇಪ. ಆಭರಣದ ಉಬ್ಬುಗೆರೆಗಳನ್ನು ಎಳೆಯುವುದೂ ಕಲ್ಲುಪುಡಿಯ ಇಂಥ ಲೇಪದಿಂದಲೇ. ಬಣ್ಣ ಬರುವುದು ಎಲ್ಲಕ್ಕಿಂತ ಕೊನೆಗೆ.

ಲಂಡನ್ನಿನ ಕಾರ್ಖಾನೆಯಲ್ಲಿ ಸೀಮೆಸುಣ್ಣ ಮತ್ತು ಚರ್ಮದ ಅಂಟು, ಕಿನ್ನಾಳದಲ್ಲಿ ಕಲ್ಲುಪುಡಿ ಮತ್ತು ಹುಣಸೆ ಬೀಜ. ಸಾಮಗ್ರಿ ಬೇರೆಯಾದರೂ ಲೆಕ್ಕ ಒಂದೇ. ಎರಡೂ ಕಡೆ ಅಂಟು ನೀರಿನದು. ಒಣಗಿದರೆ ಗಟ್ಟಿ, ಬೆಚ್ಚನೆಯ ತೇವ ತಾಗಿದರೆ ಮತ್ತೆ ಮೆತ್ತಗೆ. ಹಳೆಯ ಕುದುರೆಯ ದುರಸ್ತಿ ಸಾಧ್ಯವಾಗುವುದು ಈ ಒಂದು ಗುಣದಿಂದ. ತಪ್ಪಾಗಿ ಅಂಟಿಸಿದ ಕಿವಿಯನ್ನು ನಾಳೆ ಬಿಡಿಸಬಹುದು, ಎದ್ದ ಚಕ್ಕೆಯನ್ನು ಮತ್ತೆ ಕೂರಿಸಬಹುದು.

ಕಿನ್ನಾಳದ ಚಿತ್ರಗಾರರು ತಮ್ಮ ಹಿರಿಯರನ್ನು ವಿಜಯನಗರದ ಕಾಲಕ್ಕೆ ಒಯ್ಯುತ್ತಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳು ಆ ಹಿರಿಯರ ಕೈಯವು ಎಂಬ ನಂಬಿಕೆ ಇದೆ. ದೇವರ ಮೂರ್ತಿ, ಪಲ್ಲಕ್ಕಿ, ಗೌರಿ, ಗರುಡ, ನಂದಿ, ಕುದುರೆ ವಾಹನ ಎಲ್ಲವೂ ಅವರ ಕಸುಬಿನೊಳಗೆ ಬರುತ್ತವೆ. ಕಿನ್ನಾಳದ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಹುಣಸೆ ಬೀಜದ ಅಂಟು ಯಾದಗಿರಿ ಸೀಮೆಗೂ ಅಪರಿಚಿತವಲ್ಲ. ಕುರುಬರು ನೇಯ್ದ ಕಂಬಳಿಗೆ ಬಿಗುವು ಬರಲು ಹಚ್ಚುವುದು ಇದೇ ಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಅದನ್ನು ಮಾಡುವ ಅಜ್ಜಂದಿರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಪೇಂಟ್ ಮಾಡುವ ಹಾನಿ

ಗುಡಿಯ ಹಳೆಯ ವಾಹನವೊಂದರ ಕತ್ತಿನ ಮೇಲೆ ಚಕ್ಕೆ ಎದ್ದ ಜಾಗವನ್ನು ಭೂತಗನ್ನಡಿ ಹಿಡಿದು ನೋಡಬೇಕು. ಚಕ್ಕೆಯ ಅಂಚಿನಲ್ಲಿ ಅದರ ಚರಿತ್ರೆಯೆಲ್ಲ ಪದರ ಪದರವಾಗಿ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಅಂಗಡಿಯ ಎನಾಮಲ್, ಕೆಳಗೆ ಹಿಂದಿನ ಜಾತ್ರೆಗಳಿಗೆ ಹೊಡೆದ ಬೇರೆ ಬೇರೆ ಬಣ್ಣ, ನಡುವೆ ದೀಪದ ಮಸಿ ಮತ್ತು ಎಣ್ಣೆಯ ಕಪ್ಪು ಗೆರೆ, ಅದರಡಿ ಮೂಲ ಬಣ್ಣ, ಕೊನೆಗೆ ಬಿಳಿ ಲೇಪ ಮತ್ತು ಮರ. ಹೊರಗಿನ ಪದರ ಪ್ಲಾಸ್ಟಿಕ್ ಹಾಳೆಯಂತೆ ಸುರುಳಿಯಾಗಿ ಏಳುತ್ತದೆ. ಏಳುವಾಗ ಕೆಳಗಿನ ಹಳೆಯ ಬಣ್ಣವನ್ನೂ ಲೇಪವನ್ನೂ ಕಿತ್ತುಕೊಂಡೇ ಏಳುತ್ತದೆ.

ಹೀಗಾಗಲು ಈ ಸೀಮೆಯ ಹವೆಯೂ ಕಾರಣ. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಮಳೆಗಾಲದಲ್ಲಿ ಗೋಡೆಗಳೇ ಬೆವರುತ್ತವೆ. ಮರ ಒಣಗಿದಾಗ ಕುಗ್ಗುತ್ತದೆ, ತೇವ ಹೀರಿ ಉಬ್ಬುತ್ತದೆ. ನಾರಿನ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಕಣ್ಣಿಗೆ ಕಾಣುವಷ್ಟು. ಹಲವು ಹಲಗೆಗಳನ್ನು ಬೇರೆ ಬೇರೆ ದಿಕ್ಕಿಗೆ ಜೋಡಿಸಿದ ಕುದುರೆಯಲ್ಲಿ ಒಂದು ಹಲಗೆ ಕುಗ್ಗಿದಾಗ ಪಕ್ಕದ್ದು ಕುಗ್ಗದೆ ಎಳೆಯುತ್ತದೆ. ಹೊಟ್ಟೆಯ ಕೆಳಗೆ ಉದ್ದಕ್ಕೆ, ಕತ್ತಿನ ಬುಡದಲ್ಲಿ ಸುತ್ತಲೂ ಬಿರುಕು ಬರುವುದು ಹೀಗೆ. ಅದು ಕೆಟ್ಟ ಕೆಲಸದ ಗುರುತಲ್ಲ, ಮರದ ಸ್ವಭಾವ. ಆ ಬಿರುಕಿಗೆ ಕಲ್ಲಿನಷ್ಟು ಗಟ್ಟಿಯಾಗುವ ಎಂ-ಸೀಲ್ ತುಂಬಿದರೆ ಮುಂದಿನ ಮಳೆಗಾಲಕ್ಕೆ ಮರ ಉಬ್ಬಲು ಜಾಗವಿಲ್ಲದೆ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ಕಿಟ್ಟ ಮೆತ್ತನೆಯದು, ಒತ್ತಡ ಬಂದರೆ ಮೊದಲು ತಾನು ಸೋಲುತ್ತದೆ, ಮರವನ್ನು ಉಳಿಸುತ್ತದೆ.

ಫೆವಿಕಾಲ್ 1959ರಿಂದ ನಮ್ಮ ಬಡಗಿಗಳ ಕೈಯಲ್ಲಿದೆ. ಹೊಸ ಮೇಜು ಕುರ್ಚಿಗೆ ಅದಕ್ಕಿಂತ ಒಳ್ಳೆಯ ಅಂಟು ಬೇಕಿಲ್ಲ. ಹಳೆಯ ಕುದುರೆಯ ಕೂಡಿನಲ್ಲಿ ಮಾತ್ರ ಅದು ಒಮ್ಮೆ ಇಳಿದರೆ ಮರದ ನಾರಿನೊಳಗೆ ಕೂತುಬಿಡುತ್ತದೆ. ಮುಂದೆ ಆ ಕೂಡನ್ನು ಬಿಚ್ಚಬೇಕಾದರೆ ಮರವನ್ನೇ ಒಡೆಯಬೇಕು. ಮೊಳೆ ಹೊಡೆಯುವುದು ಇದಕ್ಕಿಂತ ಕೆಟ್ಟದ್ದು. ಒಣಗಿದ ಹಳೆಯ ಮರ ಮೊಳೆಗೆ ಸೀಳುತ್ತದೆ, ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪು ಮಾಡುತ್ತದೆ.

ಒರಲೆ ಕಂಡ ಕೂಡಲೇ ಡೀಸೆಲ್ ಅಥವಾ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನೂ ಬಿಡಬೇಕು. ಬೇಲಿಯ ಕಂಬಕ್ಕೆ ಅದು ಸರಿ. ಬಣ್ಣವಿರುವ ಕುದುರೆಗೆ ಹಚ್ಚಿದರೆ ಎಣ್ಣೆ ಬಿಳಿ ಲೇಪಕ್ಕೆ ಇಳಿದು ಕಲೆಯಾಗುತ್ತದೆ, ಮುಂದೆ ಯಾವ ಅಂಟೂ ಅಲ್ಲಿ ಹಿಡಿಯುವುದಿಲ್ಲ. ದೀಪ, ಕರ್ಪೂರ ಹಚ್ಚುವ ಗುಡಿಯಲ್ಲಿ ಬೆಂಕಿಯ ಅಪಾಯ ಬೇರೆ.

ಮುಟ್ಟುವ ಮೊದಲು ಬರೆದಿಡಿ

ದುರಸ್ತಿಯ ಮೊದಲ ಪಾಠಕ್ಕೆ ಯಾದಗಿರಿ ಜಿಲ್ಲೆಯಲ್ಲೇ ಒಂದು ಹಳೆಯ ಮೇಲ್ಪಂಕ್ತಿ ಇದೆ. ಮೆಡೋಸ್ ಟೇಲರ್ ಸುರಪುರದಲ್ಲಿದ್ದಾಗ ಸುತ್ತಲಿನ ಬೃಹತ್ ಶಿಲಾಸಮಾಧಿಗಳನ್ನು, ರಾಜನಕೋಳೂರಿನಂಥ ನೆಲೆಗಳನ್ನು ಹುಡುಕಿ ಅಗೆದ. ಅಗೆಯುವಾಗ ಅಳತೆ ಹಿಡಿದು, ಪದರ ಪದರವಾಗಿ ಯಾವುದು ಎಲ್ಲಿ ಸಿಕ್ಕಿತು ಎಂಬುದನ್ನು ಚಿತ್ರ ಬರೆದು ದಾಖಲಿಸಿದ. ನೂರು ವರ್ಷದ ನಂತರ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಆ ಚಿತ್ರಗಳನ್ನು ಮೆಚ್ಚಿಕೊಂಡದ್ದು ಈ ಕಾರಣಕ್ಕೆ. ಮರದ ಕುದುರೆಗೂ ಅದೇ ಶಿಸ್ತು ಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನಾಲ್ಕೂ ಬದಿಯಿಂದ, ಹೊಟ್ಟೆಯ ಕೆಳಗಿನಿಂದ, ಗೊರಸಿನ ಹತ್ತಿರದಿಂದ ಫೋಟೊ ತೆಗೆಯಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟಿರಬೇಕು. ಹಿರಿಯರನ್ನು ಕೇಳಿ, ಯಾವಾಗ ಬಂತು, ಯಾರು ಬಣ್ಣ ಹೊಡೆದರು ಎಂಬುದನ್ನು ಬರೆದುಕೊಳ್ಳಬೇಕು. ಬಿದ್ದ ಚಕ್ಕೆ, ಮುರಿದ ಕಿವಿ, ಕಿತ್ತ ಹಳೆಯ ಮೊಳೆ ಯಾವುದನ್ನೂ ಎಸೆಯದೆ ಡಬ್ಬಿಯಲ್ಲಿ ಇಡಬೇಕು.

ಮುಂದೆ ಹುಳುವಿನ ಪರೀಕ್ಷೆ. ಕುದುರೆಯ ಕೆಳಗೆ ಕಪ್ಪು ಕಾಗದ ಹಾಸಿ ಕೆಲ ದಿನ ಬಿಟ್ಟು ನೋಡಿದರೆ ತಿಳಿ ಬಣ್ಣದ ಹೊಸ ಹುಡಿ ಉದುರಿದೆಯೇ ಎಂಬುದು ಗೊತ್ತಾಗುತ್ತದೆ. ಹುಡಿ ಇದ್ದರೆ ಕೊರೆಯುವ ಹುಳು ಇನ್ನೂ ಜೀವಂತವಾಗಿದೆ ಎಂದರ್ಥ. ಸಂರಕ್ಷಣಾ ತಜ್ಞರು ಇಂಥ ವಸ್ತುವನ್ನು ದಪ್ಪ ಹಾಳೆಯಲ್ಲಿ ಗಾಳಿಯಾಡದಂತೆ ಮುಚ್ಚಿ, ಒಳಗಿನ ಆಮ್ಲಜನಕ ಹೀರುವ ಪೊಟ್ಟಣಗಳನ್ನಿಟ್ಟು, ಕೆಲವು ವಾರ ಬಿಡುತ್ತಾರೆ. ಉಸಿರಿಲ್ಲದೆ ಹುಳುವೂ ಮೊಟ್ಟೆಯೂ ಸಾಯುತ್ತವೆ, ಬಣ್ಣಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒರಲೆಯ ಕಥೆ ಬೇರೆ. ಅದರ ಗೂಡು ಮಣ್ಣಿನಲ್ಲಿರುತ್ತದೆ, ನೆಲ ಅಥವಾ ಗೋಡೆಯಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಬರುತ್ತದೆ. ಕುದುರೆಯನ್ನು ಗೋಡೆಯಿಂದ ದೂರ ಸರಿಸಿ, ಕಲ್ಲು ಅಥವಾ ಕಬ್ಬಿಣದ ಪೀಠದ ಮೇಲೆ ಎತ್ತಿ ನಿಲ್ಲಿಸುವುದೇ ಅದಕ್ಕೆ ಬಹುಪಾಲು ಮದ್ದು.

ಸ್ವಚ್ಛ ಮಾಡುವಾಗ ಮೊದಲು ಒಣ ಮೆತ್ತನೆಯ ಬ್ರಷ್ ಸಾಕು. ಒದ್ದೆ ಬಟ್ಟೆ ಬೇಡವೇ ಬೇಡ, ನೀರಿನ ಅಂಟಿನ ಬಣ್ಣ ಬಟ್ಟೆಗೆ ಬಂದುಬಿಡುತ್ತದೆ. ಚಕ್ಕೆ ಎದ್ದ ಕಡೆ ತೆಳುವಾದ ಅಂಟನ್ನು ಸಣ್ಣ ಕುಂಚದಿಂದ ಚಕ್ಕೆಯ ಕೆಳಗೆ ಹರಿಸಿ, ಮೇಲೆ ತೆಳ್ಳನೆಯ ಕಾಗದವಿಟ್ಟು ಬೆರಳಿನಿಂದ ಮೃದುವಾಗಿ ಒತ್ತಿದರೆ ಚಕ್ಕೆ ತನ್ನ ಜಾಗಕ್ಕೆ ಕೂರುತ್ತದೆ. ತಾಳ್ಮೆ ಬೇಕಾದ ಕೆಲಸ. ಒಂದು ಅಂಗೈ ಅಗಲದ ಜಾಗಕ್ಕೇ ಅರ್ಧ ದಿನ ಹಿಡಿಯಬಹುದು.

ಬಿಟ್ಟ ಕೂಡುಗಳಿಗೆ ಹಳೆಯ ಅಂಟನ್ನು ಬೆಚ್ಚನೆಯ ನೀರಿನ ಪಸೆಯಿಂದ ಮೆದು ಮಾಡಿ ತೆಗೆದು, ಅದೇ ಜಾತಿಯ ಅಂಟಿನಿಂದ ಮತ್ತೆ ಸೇರಿಸಬೇಕು. ಹೊರದೇಶದ ತೂಗುಕುದುರೆಯಾದರೆ ಬಡಗಿಗಳು ಸರೇಸು ಎನ್ನುವ ಚರ್ಮದ ಅಂಟು, ನಮ್ಮ ವಾಹನವಾದರೆ ಹುಣಸೆ ಬೀಜ. ಅಂಟು ಒಣಗುವ ತನಕ ಬಟ್ಟೆ ಸುತ್ತಿ ಹಗ್ಗದಿಂದ ಬಿಗಿದಿಡುವುದು. ಕಳೆದುಹೋದ ಕಿವಿ ಅಥವಾ ಗೊರಸಿಗೆ ಹೊಸ ತುಂಡು ಕೆತ್ತಿ ಮರದ ಬೆಣೆಯಿಂದ ಕೂರಿಸಬೇಕು. ಅದಕ್ಕಾಗಿ ಹಳೆಯ ಮರವನ್ನು ಸಮತಟ್ಟು ಮಾಡಲು ಕತ್ತರಿಸಬಾರದು, ಹೊಸ ತುಂಡನ್ನೇ ಹಳೆಯ ಮುರುಕಿಗೆ ಹೊಂದಿಸಬೇಕು. ಬಿಲ್ಲುಹಲಗೆ ಸೀಳಿದ್ದರೆ ಒಳಬದಿಯಿಂದ ಆಸರೆ ಪಟ್ಟಿ ಸಾಕು.

ಕೊನೆಗೆ ಬಣ್ಣ. ಮೂಲ ಬಣ್ಣ ಉಳಿದ ಜಾಗಕ್ಕೆ ಹೊಸ ಕುಂಚ ಸೋಕಬಾರದು. ಬಣ್ಣ ಹೋದ ಕಡೆ ಮಾತ್ರ ಕಿಟ್ಟ ತುಂಬಿ, ಬಿಳಿ ಲೇಪ ಕೊಟ್ಟು, ಸುತ್ತಲಿನ ಬಣ್ಣಕ್ಕೆ ಹೊಂದುವಂತೆ ತುಂಬಬೇಕು. ದೂರದಿಂದ ನೋಡಿದರೆ ಒಂದಾಗಿ ಕಾಣಬೇಕು, ಹತ್ತಿರ ಹೋಗಿ ನೋಡಿದರೆ ಹೊಸದು ಯಾವುದು ಎಂದು ಗೊತ್ತಾಗಬೇಕು. ಜೀನಿನ ಅಂಚು, ಕೊರಳ ಹಾರ, ಕಣ್ಣಿನ ಗೆರೆಗಳಿಗೆ ಸುರಪುರ ಶೈಲಿಯಲ್ಲಿ ಪಳಗಿದ ಕೈ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸವೆದ ಜೀನನ್ನು ಕಿತ್ತು ಹೊಸ ರೆಕ್ಸಿನ್ ಹೊದಿಸುವುದು ದುರಸ್ತಿಯಲ್ಲ. ಮಕ್ಕಳು ಕೂತು ಸವೆದ ಗುರುತು ಕುದುರೆಯ ಬೆಲೆಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಮಗು ಕೂರಬಹುದೇ?

ದುರಸ್ತಿಯಾದ ಅಜ್ಜನ ಕಾಲದ ಕುದುರೆಯ ಮೇಲೆ ಮೊಮ್ಮಗುವನ್ನು ಕೂರಿಸುವ ಆಸೆ ಎಲ್ಲರಿಗೂ ಸಹಜ. ಒಂದು ಎಚ್ಚರಿಕೆ ಅಗತ್ಯ. ಹಿಂದಿನ ಬಣ್ಣಗಳಲ್ಲಿ ಸೀಸ ಬೆರೆಸುವುದು ಮಾಮೂಲು. ಭಾರತದಲ್ಲಿ ಮನೆಬಳಕೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ನೇರ ಹಾನಿ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಿದರೆ ಆ ಧೂಳು ಉಜ್ಜುವವನ ಎದೆಗೂ ಮನೆಯ ನೆಲಕ್ಕೂ ಸೇರುತ್ತದೆ. ಪಾಲಿಶ್ ಪೇಪರ್ ಬೇಡ ಎನ್ನಲು ಇದೂ ಒಂದು ಕಾರಣ. ಹಳೆಯ ಕುದುರೆ ನೋಡಲು ಇರಲಿ. ಮಗು ಕೂರಲು ಹೊಸದು ಬರಲಿ. ಚನ್ನಪಟ್ಟಣದ ಅಂಗಡಿಗಳಲ್ಲಿ ಮರದ ತೂಗುಕುದುರೆ ಇಂದಿಗೂ ಸಿಗುತ್ತದೆ. ಕಾರ್ಖಾನೆಯ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿ ಕೊಳ್ಳಬೇಕು.

ಮಾರಾಟದ ವಿಷಯದಲ್ಲಿಯೂ ಕಾನೂನು ತಿಳಿದಿರುವುದು ಒಳ್ಳೆಯದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕುಶಲವಸ್ತುಗಳು ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಊರೂರು ತಿರುಗಿ ಹಳೆಯ ಕಂಬ, ಬಾಗಿಲು, ಗೊಂಬೆ ಕೊಳ್ಳುವವರು ವಾಡೆಗಳ ಬಾಗಿಲು ತಟ್ಟುವ ಈ ದಿನಗಳಲ್ಲಿ ಮನೆಯವರಿಗೆ ಇದು ಗೊತ್ತಿರಬೇಕು.

ಯಾರ ಬಳಿ ಹೋಗಬೇಕು

ಕಿನ್ನಾಳದಲ್ಲಿಯೂ ಕಾಲ ಬದಲಾಗಿದೆ. ಕುಲಕಸುಬು ಬಿಟ್ಟು ಬೇರೆ ದುಡಿಮೆಗೆ ಹೋದ ಕುಟುಂಬಗಳು ಅನೇಕ. ಉಳಿದವರಲ್ಲಿಯೂ ಅಂಗಡಿಯ ಬಣ್ಣ, ಅಂಗಡಿಯ ಅಂಟು ಬಳಸುವವರಿದ್ದಾರೆ. ಗಿರಾಕಿ ಕೇಳುವುದು ಹೊಳಪು, ಕೊಡುವುದು ಕಡಿಮೆ ದುಡ್ಡು ಎಂದಾಗ ತಪ್ಪು ಕಲಾವಿದನದಲ್ಲ. ಆದ್ದರಿಂದ ಕೆಲಸ ಒಪ್ಪಿಸುವವರು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಹುಣಸೆ ಬೀಜದ ಅಂಟೇ ಆಗಬೇಕು, ಹಳೆಯ ಬಣ್ಣ ಕೆರೆಯಬಾರದು, ಹಿಡಿಯುವಷ್ಟು ಸಮಯ ಹಿಡಿಯಲಿ, ಅದಕ್ಕೆ ತಕ್ಕ ಕೂಲಿ ಕೊಡುತ್ತೇವೆ ಎಂದು. ಹೊಸ ಗೊಂಬೆ ಮಾಡುವುದಕ್ಕಿಂತ ಹಳೆಯದನ್ನು ಉಳಿಸುವುದು ಹೆಚ್ಚು ಕಷ್ಟದ ಕೆಲಸ, ಕೂಲಿಯೂ ಹಾಗೆಯೇ ಇರಬೇಕು.

ವಸ್ತು ತೀರಾ ಹಳೆಯದು, ಬಣ್ಣ ತೀರಾ ಸೂಕ್ಷ್ಮ ಎನಿಸಿದರೆ ತಜ್ಞರ ಸಲಹೆಗೂ ದಾರಿಯಿದೆ. ಲಖನೌದ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತು ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್‌ನ ಸಂರಕ್ಷಣಾ ಸಂಸ್ಥೆ ಇದೆ. ಆದರೆ ಪ್ರತಿಯೊಂದು ಹಳ್ಳಿಯ ವಾಹನವನ್ನೂ ಲಾರಿ ಮೇಲೆ ಹೇರಿ ಅಷ್ಟು ದೂರ ಒಯ್ಯಲಾಗದು. 2010ರಲ್ಲಿ ಹೊಸ ಜಿಲ್ಲೆಯಾದ ಯಾದಗಿರಿಗೆ ಬೇಕಾಗಿರುವುದು ತನ್ನದೇ ಬಡಿಗೇರ ಹುಡುಗರಲ್ಲಿ ಕೆಲವರಿಗಾದರೂ ಕಿನ್ನಾಳದ ಕೆಲಸವನ್ನೂ ಸಂರಕ್ಷಣೆಯ ಶಿಸ್ತನ್ನೂ ಒಟ್ಟಿಗೆ ಕಲಿಸುವ ತರಬೇತಿ. ಕುಶಲಕಲೆಗೆ ಸರ್ಕಾರದ ಯೋಜನೆಗಳಲ್ಲಿ ಹಣವಿದೆ. ದೇವಸ್ಥಾನಗಳ ಕಮಿಟಿಗಳು ಬಣ್ಣಕ್ಕೆಂದು ಮತ್ತೆ ಮತ್ತೆ ಖರ್ಚು ಮಾಡುವ ದುಡ್ಡನ್ನು ಒಂದು ಬಾರಿ ಇಲ್ಲಿ ತೊಡಗಿಸಿದರೂ ಆದೀತು.

ಜಾತ್ರೆಗಳ ಹಂಗಾಮು ಬರುತ್ತಿದ್ದಂತೆ ವಾಹನಕ್ಕೆ ಬಣ್ಣ ಹೊಡೆಸಲು ಊರಲ್ಲಿ ಪಟ್ಟಿ ಎತ್ತುವುದು ರೂಢಿ. ಯಾದಗಿರಿ, ಶಹಾಪುರ, ಸುರಪುರದ ಕಮಿಟಿಯ ಹಿರಿಯರಲ್ಲಿ, ಅಟ್ಟದಲ್ಲಿ ಹಳೆಯ ಕುದುರೆ ಇಟ್ಟುಕೊಂಡ ಮನೆಯವರಲ್ಲಿ ಒಂದೇ ವಿನಂತಿ. ಈ ಸಲ ಪೇಂಟ್ ಡಬ್ಬಿ ತರುವ ಮೊದಲು ಕುದುರೆಯ ಫೋಟೊ ತೆಗೆದುಕೊಂಡು ಒಮ್ಮೆ ಕಿನ್ನಾಳಕ್ಕೆ ಹೋಗಿ ಬನ್ನಿ, ಅಲ್ಲಿಯ ಹಿರಿಯ ಚಿತ್ರಗಾರರಿಗೆ ತೋರಿಸಿ, ಅವರು ಏನು ಹೇಳುತ್ತಾರೆಂದು ಕೇಳಿ.